ಯಾರೂ ನುಡಿಸದ ಸ್ವರ

ತಂಬೂರಿಯ ಮಂದ್ರಷಡ್ಜದ ತಂತಿಯನ್ನು ಮೀಟಿದಾಗ, ಶ್ರುತಿ ಸರಿಯಾಗಿ ಕೂಡಿದ್ದರೆ, ಗಾಂಧಾರವೂ ಕೇಳಿಬರುತ್ತದೆ. ಗಾಂಧಾರಕ್ಕೆಂದು ಅಲ್ಲಿ ಬೇರೆ ತಂತಿಯಿಲ್ಲ. ಆದುದರಿಂದಲೇ ಅದನ್ನು ಸ್ವಯಂಭೂ ಎಂದು ಕರೆದುದು. ಆದರೆ ಇದನ್ನು ಶ್ರವಣಭ್ರಮೆಯೆನ್ನಲಾಗದು. ತಂತಿಯು ತನ್ನ ಮೂಲವೇಗದ ಐದರಷ್ಟು ವೇಗದಲ್ಲಿಯೂ ಕಂಪಿಸುತ್ತಿರುವುದರಿಂದ ಆ ಸ್ವರವು ತಂತಿಯಲ್ಲಿಯೇ ಇರುವಂಥದು. ತಂಬೂರಿಯ ಕುದುರೆಯ ರಚನೆಯಿಂದ ಇಂತಹ ಉಪಸ್ವರಗಳು ಹೇಗೆ ಪುಷ್ಟಿಗೊಳ್ಳುತ್ತವೆಂಬುದನ್ನು ಸಿ. ವಿ. ರಾಮನ್ನರು 1921ರಲ್ಲಿ ವಿವರಿಸಿದರು.

ಇಟಲಿಯ ಪಿಟೀಲು ವಿದ್ವಾಂಸನಾದ ಜ್ಯುಸೆಪ್ಪೆ ತಾರ್ತೀನಿಯು (1692–1770) ಕಂಡ ಸಂಗತಿ ಬೇರೆ ಬಗೆಯದು. ಎರಡು ತಂತಿಗಳನ್ನು ಒಮ್ಮೆಗೇ ಬಲವಾಗಿ ನುಡಿಸಿದಾಗ ಅವೆರಡಕ್ಕಿಂತ ಕೆಳಗಿನ ಮೂರನೆಯ ಸ್ವರವೊಂದು ಆತನಿಗೆ ಕೇಳಿಸಿತು. 1714ರಲ್ಲಿಯೇ ಆಂಕೋನಾ ನಗರದಲ್ಲಿ ಇದನ್ನು ಕಂಡುಕೊಂಡುದಾಗಿ ಆತನು ಹೇಳಿಕೊಂಡಿದ್ದರೂ ತನ್ನ ಗ್ರಂಥವನ್ನು ಪ್ರಕಟಿಸಿದುದು 1754ರಲ್ಲಿ. ಅಷ್ಟರಲ್ಲಿ, 1745ರಲ್ಲಿ, ಜರ್ಮನಿಯ ಸೋರ್ಗೆ ಎಂಬಾತನು ಇದೇ ಸಂಗತಿಯನ್ನು ಅಚ್ಚಿನಲ್ಲಿ ತಂದಿದ್ದನು. ಸೆಕೆಂಡಿಗೆ 400 ಮತ್ತು 500 ಕಂಪನಗಳ ಸ್ವರಗಳು ಕೂಡಿದರೆ ಅವುಗಳ ಅಂತರವಾದ 100ರ ಸ್ವರ ಕೇಳಿಸುವುದು. ತಾರ್ತೀನಿಯು ಇದನ್ನು ಕೌತುಕವೆಂದು ಬಿಡಲಿಲ್ಲ. ಮೂರನೆಯ ಸ್ವರ ಕೇಳದಿದ್ದರೆ ಶ್ರುತಿ ಶುದ್ಧವಲ್ಲವೆಂದು ಶಿಷ್ಯರಿಗೆ ಬೋಧಿಸಿದನು.

ಈ ಸ್ವರದ ನೆಲೆ ಯಾವುದು? ಹೆಲ್ಮ್‌ಹೋಲ್ಟ್ಸನು 1863ರ ತನ್ನ ಗ್ರಂಥದಲ್ಲಿ ಅದನ್ನು ಹೆಚ್ಚಾಗಿ ಕಿವಿಯಲ್ಲಿಯೇ ಗುರುತಿಸಿದನು. ಪಿಟೀಲಿನ ಒಡಲಲ್ಲಿಯೂ ಅದರ ಅಂಶವುಂಟೆಂದು ಈಚಿನ ಅಳತೆಗಳು ತೋರಿಸಿವೆ. ಆದರೆ ಎರಡು ಸ್ವರಗಳು ಬೇರೆ ಬೇರೆ ಮೂಲಗಳಿಂದ ಬಂದರೂ ಕಿವಿ ಮೂರನೆಯದನ್ನು ಹುಟ್ಟಿಸಬಲ್ಲುದು. ಕಿವಿಯೇ ಧ್ವನಿಯನ್ನು ಹೊರಡಿಸುತ್ತದೆಂದು ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದನು. ಹೀಗೆ ಒಳಗಿವಿಯಲ್ಲಿ ಹುಟ್ಟಿ ಹೊರಬರುವ ಧ್ವನಿಯನ್ನು ಸೂಕ್ಷ್ಮ ಮೈಕಿನಿಂದ ಹಿಡಿದು ನವಜಾತ ಶಿಶುಗಳ ಶ್ರವಣವನ್ನು ಇಂದು ಪರೀಕ್ಷಿಸುತ್ತಾರೆ. ಅಮೆರಿಕದ ರಚನಕಾರ್ತಿ ಮೇರಿಯಾನ್ ಅಮಾಕರ್ (1938–2009) ಕೇಳುಗರ ಕಿವಿಗಳೇ ಸ್ವರ ಹೊರಡಿಸುವಂತೆ ಕೃತಿಗಳನ್ನು ಕಟ್ಟಿದಳು.

ಇನ್ನೊಂದು ಮೆಟ್ಟಿಲೂ ಉಂಟು. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ (1893) ಕೊನೆಯ ಭಾಗದ ಆರಂಭದಲ್ಲಿ ಇಳಿದುಬರುವ ರಾಗಧಾರೆಯನ್ನು ಯಾವ ವಾದಕನೂ ಪೂರ್ಣವಾಗಿ ನುಡಿಸುವುದಿಲ್ಲ. ಅದರ ಸ್ವರಗಳು ಮೊದಲ ಮತ್ತು ಎರಡನೆಯ ಪಿಟೀಲುತಂಡಗಳಿಗೆ ಒಂದುಬಿಟ್ಟೊಂದು ಹಂಚಿಹೋಗಿವೆ. ಕೇಳುಗನ ಮನಸ್ಸು ಅವನ್ನು ಪೋಣಿಸುತ್ತದೆ. ಅದೇ ಧಾರೆ ಮುಂದೆ ಮರಳಿದಾಗ ಮೊದಲ ತಂಡಕ್ಕೇ ಇಡಿಯಾಗಿ ಕೊಡಲಾಗಿದೆ.

ತಂತಿ, ಕಿವಿ, ಮನಸ್ಸು ಎಂಬ ಈ ಮೂರು ನೆಲೆಗಳನ್ನು ಬೇರ್ಪಡಿಸಿ ನೋಡದೆ ಎಲ್ಲವನ್ನೂ ಭ್ರಮೆಯೆಂದರೆ ರಚನಕಾರರ ಕೌಶಲಕ್ಕೆ ಅನ್ಯಾಯವಾಗುತ್ತದೆ. ತಾರ್ತೀನಿಯ ಮೂರನೆಯ ಸ್ವರ ಅವನ ಸ್ವರಲಿಪಿಯ ಸಾಲುಗಳಲ್ಲಿ ದೊರೆಯದು. ಚೈಕೋವ್‌ಸ್ಕಿಯ ಧಾರೆ ಯಾವೊಂದು ತಂಡದ ಹಾಳೆಯಲ್ಲಿಯೂ ದೊರೆಯದು. ಲಿಪಿಯೊಂದನ್ನೇ ಆಧಾರವಾಗಿಟ್ಟು ಸಂಗೀತದ ಇತಿಹಾಸವನ್ನು ಬರೆಯುವವರು ಕೇಳುಗನ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.