ತೇಜೋ-ತುಂಗಭದ್ರಾ

ತೇಜೋ-ತುಂಗಭದ್ರಾ ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ವಸುಧೇಂದ್ರ ಅವರ ಐತಿಹಾಸಿಕ ಕಾದಂಬರಿ. 2019ರಲ್ಲಿ ಛಂದ ಪುಸ್ತಕದಿಂದ ಪ್ರಕಟವಾಯಿತು. ಲಿಸ್ಬನ್ ನಗರದ ಬಳಿ ಹರಿಯುವ ತೇಜೋ ಹಾಗೂ ಹಂಪಿ, ಸಿರುಗುಪ್ಪಗಳನ್ನು ಹಾದು ಹರಿಯುವ ತುಂಗಭದ್ರಾ ನದಿಗಳಿಂದ ಕೃತಿಗೆ ಈ ಹೆಸರು ಬಂದಿದೆ.

ಕಥಾವಸ್ತು
ಕಥೆಯು 15ನೆಯ ಶತಮಾನದ ಅಂತ್ಯ ಮತ್ತು 16ನೆಯ ಶತಮಾನದ ಆರಂಭದ ಲಿಸ್ಬನ್, ವಿಜಯನಗರ, ಗೋವಾಗಳಲ್ಲಿ ನಡೆಯುತ್ತದೆ. ಯೆಹೂದಿ ಯುವತಿ ಬೆಲ್ಲಾಳನ್ನು ಪ್ರೀತಿಸುವ ಕ್ರೈಸ್ತ ಯುವಕ ಗೇಬ್ರಿಯಲ್, ಸಂಪತ್ತನ್ನು ಅರಸಿ ಭಾರತಕ್ಕೆ ಹಡಗೇರುತ್ತಾನೆ. ತುಂಗಭದ್ರೆಯ ದಡದ ಹಂಪಮ್ಮನ ಬದುಕು ಇನ್ನೊಂದು ಎಳೆ. ಮತಧರ್ಮ ಮತ್ತು ಅಧಿಕಾರಗಳ ಸಂಘರ್ಷದಲ್ಲಿ ನಲುಗುವ ಸಾಮಾನ್ಯ ಜನರೇ ಕೃತಿಯ ಕೇಂದ್ರ.

ಚಾರಿತ್ರಿಕ ಹಿನ್ನೆಲೆ
ಪೋರ್ಚುಗಲ್ಲಿನ ಯೆಹೂದಿಗಳನ್ನು 1497ರಲ್ಲಿ ಬಲವಂತವಾಗಿ ಮತಾಂತರಿಸಲಾಯಿತು. 1510ರಲ್ಲಿ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವಾವನ್ನು ಗೆದ್ದನು. ಇಟಲಿಯ ಲುಡೊವಿಕೊ ವರ್ತೇಮಾ, ಪೋರ್ಚುಗಲ್ಲಿನ ಡೊಮಿಂಗೊ ಪೇಸ್ ಮುಂತಾದ ಪ್ರವಾಸಿಗರ ಬರಹಗಳು ಆ ಕಾಲದ ವಿಜಯನಗರವನ್ನು ತಿಳಿಯಲು ಮುಖ್ಯ ಆಕರಗಳಾಗಿವೆ.