ವೇ ಪ್ರೋಟೀನ್ ಪುಡಿ: ಡಬ್ಬಿಯೊಳಗೆ ಏನಿದೆ, ಯಾರಿಗೆ ಬೇಕು?

ಚಿದ್ರಿ, ಭಾಲ್ಕಿ, ಔರಾದ ಕಡೆಯ ಹುಡುಗರು ಪೊಲೀಸ್ ಅಥವಾ ಸೇನಾ ಭರ್ತಿಗೆಂದು ಜಿಮ್ ಸೇರಿದರೆ ಮೊದಲ ವಾರವೇ ಕೇಳುವ ಪ್ರಶ್ನೆ: "ಪ್ರೋಟೀನ್ ಡಬ್ಬಿ ತಗೋಬೇಕಾ?" ಮನೆಯಲ್ಲಿ ಅದಕ್ಕೆ ವಿರುದ್ಧ ಮಾತು: "ಅದು ಸ್ಟೆರಾಯ್ಡ್, ಕಿಡ್ನಿ ಹೋಗ್ತದ." ಎರಡನ್ನೂ ಸ್ವಲ್ಪ ಬಿಡಿಸಿ ನೋಡೋಣ.

ವೇ ಎಂದರೆ ಹಾಲೊಡಕು. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ 80ರಷ್ಟು ಕೇಸಿನ್, ಉಳಿದ ಶೇ 20ರಷ್ಟು ವೇ. ಚೀಸ್ ತಯಾರಿಸುವಾಗ ಬೇರ್ಪಡುವ ನೀರನ್ನು ಸೂಕ್ಷ್ಮ ಪದರಗಳಲ್ಲಿ ಸೋಸಿ, ಒಣಗಿಸಿ ಪುಡಿ ಮಾಡುತ್ತಾರೆ. ಇದು ಆಹಾರ, ಸ್ಟೆರಾಯ್ಡ್ ಅಲ್ಲ. ಹಾಗೆಂದು ಮನೆಯಲ್ಲಿ ಪನೀರ್ ಮಾಡಿ ಉಳಿದ ನೀರನ್ನು ಕುಡಿದರೆ ಅದೇ ಲಾಭ ಸಿಗುವುದಿಲ್ಲ. ಒಂದು ಲೋಟದಲ್ಲಿ ಒಂದು ಗ್ರಾಂ ಆಸುಪಾಸು ಪ್ರೋಟೀನ್ ಇದ್ದರೆ ಹೆಚ್ಚು.

ಸ್ನಾಯು ಬೆಳೆಯುವುದು ಭಾರ ಎತ್ತುವ ವ್ಯಾಯಾಮದಿಂದ. ಪ್ರೋಟೀನ್ ಅದಕ್ಕೆ ಬೇಕಾದ ಸಾಮಗ್ರಿ. 2018ರಲ್ಲಿ 49 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ವ್ಯಾಯಾಮದ ಜೊತೆ ಹೆಚ್ಚುವರಿ ಪ್ರೋಟೀನ್ ತಕ್ಕಮಟ್ಟಿಗೆ ನೆರವಾಗಿತ್ತು. ಆದರೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 60 ಕೆ.ಜಿ. ತೂಗುವ, ಕಸರತ್ತು ಮಾಡುವ ಹುಡುಗನಿಗೆ ಇದು 96 ಗ್ರಾಂ. ಸಾಮಾನ್ಯರಿಗೆ ಶಿಫಾರಸು 0.83 ಗ್ರಾಂ, ಅಂದರೆ ಅದೇ ತೂಕಕ್ಕೆ ಸುಮಾರು 50 ಗ್ರಾಂ.

ಇದು ಊಟದಿಂದ ಸಿಗುತ್ತದೆಯೇ? ಬೀದರ ತೊಗರಿ, ಹೆಸರು, ಉದ್ದು, ಕಡಲೆ, ಸೋಯಾ ಬೆಳೆಯುವ ಜಿಲ್ಲೆ. ದಿನಕ್ಕೆ 250 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 25 ಗ್ರಾಂ, 100 ಗ್ರಾಂ ತೊಗರಿ ಬೇಳೆಯಿಂದ 22, ಅರ್ಧ ಲೀಟರ್ ಹಾಲಿನಿಂದ 16, ಮೂರು ಮೊಟ್ಟೆಯಿಂದ 18, ಒಂದು ಹಿಡಿ ಶೇಂಗಾದಿಂದ 12: ಒಟ್ಟು 90 ದಾಟಿತು. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಜೋಳದಲ್ಲಿದೆ. ಆದರೆ ತಟ್ಟೆಯಲ್ಲಿ ರೊಟ್ಟಿಯೇ ಮುಖ್ಯವಾಗಿ, ಬ್ಯಾಳಿ ನೀರಿನಂತಿದ್ದರೆ ಕೊರತೆ ನಿಜ. ಅಂಥ ಮನೆಯ ಹುಡುಗ ಸಾವಿರಾರು ರೂಪಾಯಿಯ ಡಬ್ಬಿಗಿಂತ ಮೊದಲು ಮೊಟ್ಟೆ, ಹಾಲು, ಸೋಯಾಕ್ಕೆ ಖರ್ಚು ಮಾಡುವುದೇ ಸರಿ.

ನನಗೆ ಹೆಚ್ಚು ಆತಂಕದ ವಿಷಯ ಡಬ್ಬಿಯ ಲೇಬಲ್. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು (ಗಿಡಮೂಲಿಕೆ ಬೆರೆಸಿದವೂ ಸೇರಿ) ಪರೀಕ್ಷಿಸಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 70ರಷ್ಟರ ಪ್ರೋಟೀನ್ ಮಾಹಿತಿ ತಪ್ಪಾಗಿತ್ತು. ಶೇ 14ರಲ್ಲಿ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್, ಶೇ 8ರಲ್ಲಿ ಕೀಟನಾಶಕದ ಅಂಶ ಸಿಕ್ಕಿತು. ಮೋಸ ಸುಲಭವಾಗುವುದಕ್ಕೆ ಒಂದು ಕಾರಣವಿದೆ: ಸಾಮಾನ್ಯ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಅಗ್ಗದ ಗ್ಲೈಸಿನ್ ಅಥವಾ ಟಾರಿನ್ ಬೆರೆಸಿದರೂ ಅಂಕಿ ಏರುತ್ತದೆ, ಸ್ನಾಯುವಿಗೆ ಬೇಕಾದ ಲ್ಯೂಸಿನ್ ಏರುವುದಿಲ್ಲ.

ಕಿಡ್ನಿಯ ಮಾತು? ಆರೋಗ್ಯವಂತರಲ್ಲಿ ಮಿತವಾದ ವೇ ಕಿಡ್ನಿ ಕೆಡಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಕಿಡ್ನಿ ಕಾಯಿಲೆ ಇರುವವರಿಗೆ ಮಾತ್ರ ಹೆಚ್ಚು ಪ್ರೋಟೀನ್ ಹಾನಿಕರ, ಮತ್ತು ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಅನೇಕರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಇವರು ಮೊದಲು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ವೇ ಕಾನ್ಸಂಟ್ರೇಟ್‌ನಲ್ಲೂ ಅದೇ ತೊಂದರೆ ಬರಬಹುದು. ಐಸೊಲೇಟ್‌ನಲ್ಲಿ ಲ್ಯಾಕ್ಟೋಸ್ ಕಡಿಮೆ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೂ ಮೈಕಟ್ಟಿಗಾಗಿ ಈ ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ.