ರೋಮ್ ಬಿದ್ದಾಗ ಹಿಪ್ಪೋದವರು ಮಾಡಿದ್ದು

ಕ್ರಿ.ಶ. 410ರ ಆಗಸ್ಟ್ 24ರಂದು ಅಲಾರಿಕನ ವಿಸಿಗಾತ್ ಪಡೆ ರೋಮ್ ನಗರಕ್ಕೆ ನುಗ್ಗಿ ಮೂರು ದಿನ ಸೂರೆ ಮಾಡಿತು. ಅಷ್ಟು ಹೊತ್ತಿಗೆ ಚಕ್ರವರ್ತಿ ಹೊನೋರಿಯಸ್‌ನ ಆಸ್ಥಾನ ರವೆನ್ನಾಕ್ಕೆ ಹೋಗಿ ವರ್ಷಗಳಾಗಿದ್ದವು. ಆಡಳಿತದ ಲೆಕ್ಕದಲ್ಲಿ ರೋಮ್ ಕಳೆದುಕೊಂಡದ್ದು ಅಷ್ಟೇನೂ ಇರಲಿಲ್ಲ. ಆದರೆ ಸುಮಾರು 800 ವರ್ಷ ಪರಕೀಯರ ಕೈಗೆ ಸಿಗದ ಊರು ಅದು. ಬೆತ್ಲೆಹೇಮಿನ ಮಠದಲ್ಲಿದ್ದ ಜೆರೋಮ್ ಸುದ್ದಿ ಕೇಳಿ ದುಃಖ ತಾಳಲಾರದೆ ಬೈಬಲ್ ವ್ಯಾಖ್ಯಾನದ ಕೆಲಸ ನಿಲ್ಲಿಸಿದ. ಹಳೆಯ ದೇವತೆಗಳನ್ನು ಬಿಡದ ಕುಲೀನರು ಕ್ರೈಸ್ತರ ಕಡೆ ಬೆರಳು ತೋರಿಸಿದರು: ಗುಡಿಗಳಿಗೆ ಬೀಗ ಬಿತ್ತು, ಬಲಿ ನಿಂತಿತು, ದೇವತೆಗಳು ಕೈಬಿಟ್ಟವು. ಹಡಗು ಹತ್ತಿ ಉತ್ತರ ಆಫ್ರಿಕಾಕ್ಕೆ ಬಂದ ನಿರಾಶ್ರಿತರ ಜೊತೆಗೆ ಈ ದೂರೂ ಬಂತು. ಇಂದು ಅಲ್ಜೀರಿಯದ ಅನ್ನಾಬಾ ನಗರ ಇರುವಲ್ಲಿ ಆಗ ಹಿಪ್ಪೋ ಎಂಬ ಬಂದರು ಪಟ್ಟಣವಿತ್ತು. ಅಲ್ಲಿನ ಬಿಷಪ್ ಅಗಸ್ಟೀನ್ ಆ ದೂರಿಗೆ ಉತ್ತರವಾಗಿ 413ರ ಹೊತ್ತಿಗೆ ‘ದೇವರ ನಗರ’ ಬರೆಯತೊಡಗಿದ. 22 ಭಾಗಗಳ ಆ ಗ್ರಂಥ ಮುಗಿಯಲು ಸುಮಾರು ಹದಿಮೂರು ವರ್ಷ ಹಿಡಿಯಿತು.

ಪರಲೋಕದ ಆಸೆ ತೋರಿಸಿ ಜನರನ್ನು ಇಹದ ನಾಶಕ್ಕೆ ಒಗ್ಗಿಸಿದವನು ಎಂಬ ಆರೋಪ ಅಗಸ್ಟೀನನ ಮೇಲೆ ಬಹಳ ಕಾಲದಿಂದ ಇದೆ. ಒಗ್ಗಿಸಿದ್ದು ನಿಜ. ಮನುಷ್ಯ ಹುಟ್ಟಿ, ಬೆಳೆದು, ಮುಪ್ಪಾಗುವ ಹಾಗೆ ಲೋಕಕ್ಕೂ ಮುಪ್ಪು ಬಂದಿದೆ ಎಂದು ಆ ದಿನಗಳ ಪ್ರವಚನದಲ್ಲೇ ಅವನು ಹೇಳಿದ. ಆದರೆ ಒಗ್ಗಿದವರು ಆಮೇಲೆ ಏನು ಮಾಡಿದರು ಎಂಬುದನ್ನೂ ನೋಡಬೇಕು. ರೋಮ್ ಶಾಶ್ವತ ಎಂದುಕೊಂಡವರಲ್ಲಿ ಹಳೆಯ ಮತದವರಷ್ಟೇ ಇರಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತನಾದ ಮೇಲೆ ಸಾಮ್ರಾಜ್ಯವೇ ದೈವಸಂಕಲ್ಪ ಎಂದು ಚರ್ಚಿನ ಪಂಡಿತರೂ ಬರೆದಿದ್ದರು. ಆ ಗಂಟನ್ನು ಅಗಸ್ಟೀನ್ ಬಿಚ್ಚಿದ. ದೇವರ ನಗರ ಬೇರೆ, ರೋಮ್ ಬೇರೆ. ರೋಮ್ ಮುಗಿದರೂ ಮನುಷ್ಯನ ಮೇಲಿರುವ ಮನುಷ್ಯನ ಹೊಣೆ ಮುಗಿಯುವುದಿಲ್ಲ. ಸಾಮ್ರಾಜ್ಯದ ಅಂತ್ಯವನ್ನು ಒಪ್ಪಿಕೊಂಡದ್ದರಿಂದಲೇ ಅವನ ಊರಿನವರಿಗೆ ಆ ಹೊಣೆ ಹೊರುವ ಧೈರ್ಯ ಬಂತು ಎಂಬುದು ನನ್ನ ವಾದ.

ಗ್ರಂಥದ ಮೊದಲ ಭಾಗವನ್ನೇ ತೆಗೆದುಕೊಳ್ಳಿ. ಅಲ್ಲಿ ತತ್ವಕ್ಕಿಂತ ಮೊದಲು ಬರುವುದು ನಿರಾಶ್ರಿತರ ಸಂಕಟ. ಬೀದಿಯಲ್ಲಿ ಬಿದ್ದ ಹೆಣಗಳಿಗೆ ಮಣ್ಣು ಮಾಡುವವರೂ ಸಿಗಲಿಲ್ಲವಲ್ಲ, ಸತ್ತವರ ಗತಿ ಏನು? ಸಂಸ್ಕಾರ ತಪ್ಪಿದ್ದರಿಂದ ಸತ್ತವರಿಗೆ ಕೇಡಿಲ್ಲ, ಸಂಸ್ಕಾರ ಇರುವುದು ಬದುಕಿರುವವರ ಸಮಾಧಾನಕ್ಕೆ ಎನ್ನುತ್ತಾನೆ ಅಗಸ್ಟೀನ್. ಅದಕ್ಕಿಂತ ಕಷ್ಟದ ಪ್ರಶ್ನೆ ಅತ್ಯಾಚಾರಕ್ಕೊಳಗಾದ ಹೆಂಗಸರದು. ಮಾನ ಹೋದ ಮೇಲೆ ಪ್ರಾಣ ಬಿಟ್ಟ ಲುಕ್ರೀಷಿಯಾಳನ್ನು ರೋಮನ್ನರು ತಲೆತಲಾಂತರದಿಂದ ಆದರ್ಶವೆಂದು ಹೊಗಳುತ್ತ ಬಂದಿದ್ದರು. ಮನಸ್ಸು ಒಪ್ಪದಿದ್ದರೆ ದೇಹದ ಮೇಲಿನ ಬಲಾತ್ಕಾರದಿಂದ ಶೀಲ ಕೆಡುವುದಿಲ್ಲ, ತಪ್ಪು ಮಾಡದವಳು ಸಾಯಬೇಕಾಗಿಲ್ಲ ಎಂದು ಅಗಸ್ಟೀನ್ ಆ ಆದರ್ಶವನ್ನೇ ಪ್ರಶ್ನಿಸಿದ. ಮುಂದೆ ಅದೇ ಭಾಗದಲ್ಲಿ, ಆ ಹೆಂಗಸರೊಳಗೆ ಗುಟ್ಟಾಗಿ ಅಹಂಕಾರ ಇದ್ದಿರಬಹುದೇ ಎಂದು ಕೆದಕುತ್ತಾನೆ. ಆ ಮಾತು ಕ್ರೂರ, ಅದನ್ನು ಸಮರ್ಥಿಸಲಾಗದು. ಆದರೂ ಪರಲೋಕವನ್ನು ನಂಬಿದವನು ಇಲ್ಲಿ ‘ಬದುಕು’ ಎಂದ, ಈ ಲೋಕದ ಕೀರ್ತಿಯನ್ನೇ ನಂಬಿದ ಸಂಪ್ರದಾಯ ‘ಸಾಯಿ’ ಎಂದಿತ್ತು.

ಇತಿಹಾಸಕಾರ ಎಡ್ವರ್ಡ್ ಗಿಬ್ಬನ್‌ನ ಆಕ್ಷೇಪಕ್ಕೆ ಇಲ್ಲಿ ಉತ್ತರ ಕೊಡಲೇಬೇಕು. 1776ರಿಂದ 1788ರವರೆಗೆ ಪ್ರಕಟವಾದ ತನ್ನ ರೋಮ್ ಇತಿಹಾಸದಲ್ಲಿ ಅವನು, ಪರಲೋಕದ ಸುಖವೇ ಗುರಿಯಾದಾಗ ಸೈನಿಕ ಸತ್ವ ಮಠಗಳಲ್ಲಿ ಹೂತುಹೋಯಿತು ಎಂದು ವಾದಿಸಿದ. ಅದೇ ಕ್ರೈಸ್ತ ಧರ್ಮ ಇನ್ನೂ ಆಳವಾಗಿ ಬೇರೂರಿದ್ದ ಪೂರ್ವ ರೋಮನ್ ಸಾಮ್ರಾಜ್ಯ 1453ರವರೆಗೆ ಉಳಿಯಿತು ಎಂಬುದು ಈ ವಾದಕ್ಕೆ ಎದುರಾಗುವ ಮೊದಲ ಸಂಗತಿ. ಎರಡನೆಯದು ಆಫ್ರಿಕಾದ ಸೇನಾಧಿಪತಿ ಬೋನಿಫೇಸ್‌ನದು. ಹೆಂಡತಿ ತೀರಿಕೊಂಡಾಗ ಅವನಿಗೆ ವೈರಾಗ್ಯ ಬಂದು ಸನ್ಯಾಸಿಯಾಗಲು ಹೊರಟಿದ್ದ. ಬೇಡ ಎಂದು ತಡೆದವರು ಅಗಸ್ಟೀನ್ ಮತ್ತು ಅವನ ಗೆಳೆಯ ಅಲಿಪಿಯಸ್, ಇಬ್ಬರೂ ಬಿಷಪ್‌ಗಳು. ದಾಳಿಕೋರರಿಂದ ಜನರನ್ನು ಕಾಯುವುದೇ ನಿನ್ನ ಸೇವೆ ಎಂದು ಅವನನ್ನು ಒಪ್ಪಿಸಿದರು. ಮುಂದೆ ವ್ಯಾಂಡಲರೆಂಬ ದಾಳಿಕೋರರು ಹಿಪ್ಪೋವನ್ನು ಮುತ್ತಿದಾಗ ಕೋಟೆಯೊಳಗಿದ್ದು ಕಾದಾಡಿದವನು ಇದೇ ಬೋನಿಫೇಸ್.

ಬಿಷಪ್ಪರ ಮಾತು ಹೋಗಲಿ, ಸಾಮಾನ್ಯ ಭಕ್ತರ ಮೇಲೆ ಈ ನಂಬಿಕೆ ಏನು ಪರಿಣಾಮ ಮಾಡಿತು ಎಂದು ಕೇಳಬಹುದು. ಅದಕ್ಕೆ 1981ರಲ್ಲಿ ಬೆಳಕು ಕಂಡ ಒಂದು ಪತ್ರದಲ್ಲಿ ಉತ್ತರವಿದೆ. ಯೊಹಾನೆಸ್ ದಿವ್ಯಾಕ್ ಎಂಬ ವಿದ್ವಾಂಸ ಹಸ್ತಪ್ರತಿಗಳಲ್ಲಿ ಕಂಡುಹಿಡಿದು ಪ್ರಕಟಿಸಿದ ಅಗಸ್ಟೀನನ ಪತ್ರಗಳಲ್ಲಿ ಅದೂ ಒಂದು. ಆಡಳಿತ ಸಡಿಲವಾದ ಆ ಕಾಲದಲ್ಲಿ ಗುಲಾಮರ ವ್ಯಾಪಾರಿಗಳು ಸ್ವತಂತ್ರ ಜನರನ್ನೇ ಹಿಡಿದು ಸಮುದ್ರದಾಚೆ ಮಾರುತ್ತಿದ್ದರು. ಸೈನಿಕರ ಇಲ್ಲವೇ ದಾಳಿಕೋರರ ವೇಷ ಹಾಕಿದ ಗುಂಪುಗಳು ಹಳ್ಳಿಗಳ ಮೇಲೆ ಬೀಳುತ್ತಿದ್ದವು. ಹಿಪ್ಪೋದಲ್ಲೇ ಒಬ್ಬಳು ಹೆಂಗಸು ಸೌದೆ ಕೊಳ್ಳುವ ನೆಪದಲ್ಲಿ ಗುಡ್ಡಗಾಡಿನ ಹೆಂಗಸರನ್ನು ಕರೆಸಿ, ಕೂಡಿಹಾಕಿ, ಹೊಡೆದು ಮಾರುತ್ತಿದ್ದಳು. ಒಮ್ಮೆ ಅಗಸ್ಟೀನ್ ಊರಲ್ಲಿಲ್ಲದಾಗ ಚರ್ಚಿನ ಭಕ್ತರೇ ಹೋಗಿ, ಹಡಗಿನಿಂದಲೂ ಜನರನ್ನು ಅಡಗಿಸಿಟ್ಟಿದ್ದ ಜಾಗದಿಂದಲೂ ಸುಮಾರು 120 ಮಂದಿಯನ್ನು ಬಿಡಿಸಿಕೊಂಡು ಬಂದರು. ವಿಚಾರಿಸಿದಾಗ, ಹೆತ್ತವರೇ ಮಾರಿದ್ದವರು ಐದಾರು ಜನ ಮಾತ್ರ. ಉಳಿದವರೆಲ್ಲ ಮೋಸಕ್ಕೋ ಬಲಾತ್ಕಾರಕ್ಕೋ ಸಿಕ್ಕವರು. ವ್ಯಾಪಾರಿಗಳ ಬೆನ್ನಿಗೆ ದೊಡ್ಡ ಮನುಷ್ಯರಿದ್ದರು, ಬಿಡಿಸಿಕೊಂಡವರ ಮೇಲೇ ತಕರಾರು ಎದ್ದಿತು. ಪರಲೋಕದ ಪ್ರವಚನ ಕೇಳುತ್ತಲೇ ಇದ್ದ ಊರು ಇದು ಎಂಬುದನ್ನು ಮರೆಯಬಾರದು.

ಈ ನಂಬಿಕೆಗೆ ಇನ್ನೊಂದು ಮುಖವೂ ಇದೆ. ಗುಲಾಮಗಿರಿ ಪಾಪದ ಫಲ ಎಂದ ಅಗಸ್ಟೀನ್ ಅದನ್ನು ತೆಗೆದುಹಾಕಬೇಕು ಎನ್ನಲಿಲ್ಲ. ಒಡೆಯನಿಗೆ ವಿಧೇಯನಾಗಿರು ಎಂದೇ ಗುಲಾಮನಿಗೆ ಹೇಳಿದ. ಭಿನ್ನಮತದ ಡೊನಾಟಿಸ್ಟರ ಮೇಲೆ ಸರ್ಕಾರದ ಬಲಪ್ರಯೋಗಕ್ಕೂ ಅವನ ಸಮ್ಮತಿಯಿತ್ತು. ಅಂತಿಮ ನ್ಯಾಯ ಬೇರೆ ಲೋಕದಲ್ಲಿದೆ ಎಂದ ಕೂಡಲೇ ಇಲ್ಲಿನ ವ್ಯವಸ್ಥೆಯ ಅನ್ಯಾಯ ಸಹನೀಯವಾಗಿಬಿಡುವ ಅಪಾಯ ಇದ್ದೇ ಇದೆ. ಅಗಸ್ಟೀನ್ ಅದರಿಂದ ಪಾರಾಗಲಿಲ್ಲ. ಆದರೆ ಅಂತ್ಯವನ್ನು ಒಪ್ಪಿದವರು ಕೈಕಟ್ಟಿ ಕೂರುತ್ತಾರೆ ಎಂಬ ಆರೋಪ ಬೇರೆ; ಹಿಪ್ಪೋದ ಮಟ್ಟಿಗೆ ಅದು ನಿಲ್ಲುವುದಿಲ್ಲ.

ಗೈಸೆರಿಕ್‌ನ ನಾಯಕತ್ವದಲ್ಲಿ ವ್ಯಾಂಡಲರು 429ರಲ್ಲಿ ಸಮುದ್ರ ದಾಟಿ ಆಫ್ರಿಕಾಕ್ಕೆ ಬಂದಾಗ, ಹೊನೊರಾಟಸ್ ಎಂಬ ಬಿಷಪ್ ‘ನಾವು ಓಡಿಹೋಗಬಹುದೇ?’ ಎಂದು ಅಗಸ್ಟೀನನನ್ನು ಪತ್ರದಲ್ಲಿ ಕೇಳಿದ. ಶತ್ರು ಒಬ್ಬ ಪಾದ್ರಿಯನ್ನೇ ಹುಡುಕುತ್ತಿದ್ದರೆ, ಸೇವೆಗೆ ಬೇರೆಯವರಿದ್ದರೆ, ಅವನು ಹೋಗಬಹುದು. ಜನ ಊರಲ್ಲೇ ಉಳಿದಿದ್ದರೆ ಅವರ ಪಾದ್ರಿಯೂ ಉಳಿಯಬೇಕು ಎಂಬುದು ಉತ್ತರದ ಸಾರ. ಅಗಸ್ಟೀನ್ ಹಾಗೆಯೇ ಉಳಿದ. ಹಿಪ್ಪೋ ಮುತ್ತಿಗೆಯ ಮೂರನೇ ತಿಂಗಳಲ್ಲಿ ಜ್ವರ ಬಂದು, 430ರ ಆಗಸ್ಟ್ 28ರಂದು, 75ನೇ ವಯಸ್ಸಿನಲ್ಲಿ ತೀರಿಕೊಂಡ. ಒಂಬತ್ತು ವರ್ಷಗಳ ಮೇಲೆ ಕಾರ್ತೇಜ್ ನಗರವೂ ವ್ಯಾಂಡಲರ ಪಾಲಾಯಿತು. ಹಿಪ್ಪೋ ಮುತ್ತಿಗೆಯಲ್ಲಿ ಅಗಸ್ಟೀನನ ಜೊತೆಗಿದ್ದು ಅವನ ಜೀವನಚರಿತ್ರೆ ಬರೆದ ಪೊಸ್ಸಿಡಿಯಸ್ ಪ್ರಕಾರ ಅಗಸ್ಟೀನ್ ಉಯಿಲು ಬರೆದಿಡಲಿಲ್ಲ, ಬರೆದಿಡಲು ಆಸ್ತಿ ಇರಲಿಲ್ಲ. ಚರ್ಚಿನ ಗ್ರಂಥಾಲಯವನ್ನೂ ಅದರ ಪುಸ್ತಕಗಳೆಲ್ಲವನ್ನೂ ಮುಂದಿನ ಪೀಳಿಗೆಗಾಗಿ ಜೋಪಾನವಾಗಿ ಕಾಪಾಡಬೇಕು ಎಂದು ಮಾತ್ರ ಅವನು ಯಾವಾಗಲೂ ಹೇಳುತ್ತಿದ್ದ.